ಉಲ್ಲೇಖಪಟ್ಟಿಯ ಲಿಂಕ್ ತೆರೆಯುತ್ತಿಲ್ಲವೇ? ಅಳಿಸುವ ಮುಂಚೆ ಕೆಟ್ಟಿದ್ದೆಲ್ಲಿ ನೋಡಿ

ಹೋದ ವರ್ಷ ದೀಪಾವಳಿಯ ಮುಂದೆ ಒಬ್ಬ ಸಂಶೋಧನಾರ್ಥಿ ವಿಜಯಪುರದ ನಮ್ಮ ಕಾಲೇಜು ಗ್ರಂಥಾಲಯಕ್ಕೆ ಮಹಾಪ್ರಬಂಧದ ಕೊನೆಯ ಕರಡು ಹಿಡಿದುಕೊಂಡು ಬಂದ. ವಿಷಯ ತಿಕೋಟಾ ಭಾಗದ ಒಣದ್ರಾಕ್ಷಿ ಮಾರಾಟ. ಮರುದಿನ ಬೈಂಡಿಂಗಿಗೆ ಕೊಡಬೇಕಿತ್ತು. “ಮೇಡಂ, ಪಟ್ಟಿಯೊಳಗಿನ ಮೂವತ್ತು ಲಿಂಕ್ ಓಪನ್ನ ಆಗವಲ್ವುರಿ. ಎಲ್ಲಾ ತಗದ್ ಹಾಕಿಬಿಡ್ಲೇನ್ರಿ?” ಎಂದ. “ತಡೀಪಾ, ಒಂದೊಂದ ನೋಡೂಣು” ಎಂದು ಕೂರಿಸಿಕೊಂಡೆ. ಸಂಜೆ ಗ್ರಂಥಾಲಯದ ಬಾಗಿಲು ಹಾಕುವ ಹೊತ್ತಿಗೆ ಲೆಕ್ಕ ಹೀಗಿತ್ತು: ನಿಜವಾಗಿ ಸತ್ತ ಲಿಂಕುಗಳು ನಾಲ್ಕೇ. ಐದು ನೆಟ್‌ವರ್ಕ್ ಸಿಗದೆ ತೆರೆದಿರಲಿಲ್ಲ. ಉಳಿದವೆಲ್ಲ ನಕಲು ಮಾಡುವಾಗ, ಟೈಪ್ ಮಾಡುವಾಗ, ಪುಟ ಚಂದಗಾಣಿಸುವಾಗ ಕೆಟ್ಟಿದ್ದವು. ಅಂದರೆ ಕೈ ತಪ್ಪು. ಅವನ್ನೆಲ್ಲ ಅಳಿಸಿದ್ದರೆ ಅವನು ಓದಿದ ಒಳ್ಳೆಯ ಲೇಖನಗಳಿಗೆ ದಾರಿಯೇ ಇಲ್ಲದಂತಾಗುತ್ತಿತ್ತು.

ಆ ಸಂಜೆ ನಾವು ಹಿಡಿದ ಕ್ರಮವನ್ನೇ, ಆಮೇಲೆ ಬೇರೆಯವರ ಪಟ್ಟಿಗಳಲ್ಲಿ ಕಂಡದ್ದನ್ನೂ ಸೇರಿಸಿ, ಇಲ್ಲಿ ಬರೆದಿದ್ದೇನೆ. ಜಾಲತಾಣದ ವಿಳಾಸಗಳನ್ನು ಉಚ್ಚಾರ ಇದ್ದಂತೆ ಕನ್ನಡದಲ್ಲಿ ಕೊಟ್ಟಿದ್ದೇನೆ. ನೀವು ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರಗಳಲ್ಲೇ ಮಾಡಬೇಕು.

ಉತ್ತರ ಕೊಡುತ್ತಿರುವುದು ಯಾರು?

ಪಟ್ಟಿಯ ಲಿಂಕುಗಳಲ್ಲಿ ನಿಮಗೆ ಮತ್ತೆ ಮತ್ತೆ ಕಾಣುವುದು ಡಿಒಐ. ಡಿಒಐ (ಡಿಜಿಟಲ್ ಆಬ್ಜೆಕ್ಟ್ ಐಡೆಂಟಿಫೈಯರ್) ಎಂದರೆ ಒಂದು ಲೇಖನಕ್ಕೋ ಪುಸ್ತಕಕ್ಕೋ ದತ್ತಾಂಶಕ್ಕೋ ಇಟ್ಟ ಹೆಸರು. ಮೊದಲು 10, ಆಮೇಲೆ ಚುಕ್ಕೆ, ನೋಂದಣಿ ಮಾಡಿಸಿದವರ ಸಂಖ್ಯೆ, ಒಂದು ಸ್ಲ್ಯಾಷ್, ಅದರಾಚೆ ಪ್ರಕಾಶಕರು ತಾವೇ ಕೊಟ್ಟ ಗುರುತು. 10.1000/182 ನೋಡಿ. ಇದು ಡಿಒಐ ವ್ಯವಸ್ಥೆಯ ಕೈಪಿಡಿಗೇ ಕೊಟ್ಟಿರುವ ಸಂಖ್ಯೆ. ಡಿಒಐ ಡಾಟ್ ಆರ್ಗ್ ಎಂದು ಬರೆದು, ಸ್ಲ್ಯಾಷ್ ಹಾಕಿ, ಅದರ ನಂತರ ಈ ಹೆಸರನ್ನು ಹಚ್ಚಿ ತೆರೆದರೆ, ಅಲ್ಲಿನ ಸರ್ವರ್ ತನ್ನ ದಫ್ತರ ನೋಡಿ “ಈ ಹೆಸರಿನ ಲೇಖನ ಸದ್ಯ ಇಂಥ ವಿಳಾಸದಲ್ಲಿದೆ” ಎಂದು ನಿಮ್ಮನ್ನು ಅಲ್ಲಿಗೆ ಕಳಿಸುತ್ತದೆ. ಪತ್ರಿಕೆ ಮಾರಾಟವಾಗಿ ಬೇರೆ ಪ್ರಕಾಶಕರ ಕೈಗೆ ಹೋದರೆ ದಫ್ತರದಲ್ಲಿನ ವಿಳಾಸ ಮಾತ್ರ ತಿದ್ದುತ್ತಾರೆ, ಹೆಸರು ಹಾಗೆಯೇ ಉಳಿಯುತ್ತದೆ. ಅದಕ್ಕೇ ಸ್ಲ್ಯಾಷಿನ ಹಿಂದಿನ ಸಂಖ್ಯೆ ನೋಡಿ “ಇವರೇ ಈಗಿನ ಪ್ರಕಾಶಕರು” ಎಂದು ಹೇಳಲು ಬರುವುದಿಲ್ಲ. ಮೊದಲು ನೋಂದಣಿ ಮಾಡಿಸಿದವರು ಯಾರೆಂಬುದಷ್ಟೇ ಅದರಿಂದ ತಿಳಿಯುತ್ತದೆ. ಸಂಶೋಧನಾ ಲೇಖನಗಳ ನೋಂದಣಿ ಹೆಚ್ಚಾಗಿ 2000ದಲ್ಲಿ ಶುರುವಾದ ಕ್ರಾಸ್‌ರೆಫ್‌ನಲ್ಲಿ, ದತ್ತಾಂಶಗಳದು 2009ರಲ್ಲಿ ಹುಟ್ಟಿದ ಡೇಟಾಸೈಟ್‌ನಲ್ಲಿ ಆಗುತ್ತದೆ.

ಇಷ್ಟು ತಿಳಿದರೆ ಪರೀಕ್ಷೆ ಸಲೀಸು. ಲಿಂಕ್ ಒತ್ತಿ, ಬಂದ ಪುಟ ಓದುವ ಮುಂಚೆ ಬ್ರೌಸರಿನ ಮೇಲ್ಭಾಗದ ವಿಳಾಸದ ಪಟ್ಟಿ (ಅಡ್ರೆಸ್ ಬಾರ್) ನೋಡಿ. ಅಲ್ಲಿ ಇನ್ನೂ ಡಿಒಐ ಡಾಟ್ ಆರ್ಗ್ ಇದ್ದು, “ಈ ಡಿಒಐ ಸಿಗಲಿಲ್ಲ” ಎಂಬರ್ಥದ ಪುಟ ಬಂದಿದ್ದರೆ ದೋಷ ಸಂಖ್ಯೆಯಲ್ಲಿದೆ: ಒಂದೋ ತಪ್ಪಾಗಿ ಬರೆದಿದ್ದೀರಿ, ಇಲ್ಲವೇ ಅದು ನೋಂದಣಿಯೇ ಆಗಿಲ್ಲ. ವಿಳಾಸ ಪ್ರಕಾಶಕರ ಜಾಲತಾಣಕ್ಕೆ ಹೋಗಿ, ಅಲ್ಲಿ 404, ಅಂದರೆ “ಪುಟ ಸಿಗಲಿಲ್ಲ” ಎಂದು ಬಂದಿದ್ದರೆ ನಿಮ್ಮ ಸಂಖ್ಯೆ ಸರಿಯಾಗಿದೆ, ಅವರು ದಫ್ತರ ತಿದ್ದಿಲ್ಲ. ಅಂಥ ಡಿಒಐ ಪಟ್ಟಿಯಲ್ಲಿ ಇರಲಿ, ಪ್ರಕಾಶಕರಿಗೆ ಒಂದು ಸಾಲು ಬರೆದು ತಿಳಿಸಿ. ದುಡ್ಡು ಕೇಳುವ ಪುಟವೋ ಲಾಗಿನ್ ಪುಟವೋ ಬಂದರೆ ದೋಷವೇ ಇಲ್ಲ. ಹೆಸರು, ಲೇಖಕರು, ಸಾರಾಂಶ ಕಾಣುತ್ತಿದ್ದರೆ ಉಲ್ಲೇಖದ ಕೆಲಸ ಅಲ್ಲಿಗೆ ಮುಗಿಯಿತು. ಪೂರ್ತಿ ಲೇಖನ ಪುಕ್ಕಟೆ ಸಿಗಲೇಬೇಕೆಂದು ಯಾವ ಪರೀಕ್ಷಕರೂ ಕೇಳುವುದಿಲ್ಲ.

ಏನೂ ಬರದೆ ಬರೀ ತಿರುಗುತ್ತಿದ್ದರೆ 10.1000/182 ಹಾಕಿ ನೋಡಿ. ಅದೂ ತೆರೆಯದಿದ್ದರೆ ನಿಮ್ಮ ನೆಟ್‌ವರ್ಕಿನದೇ ತೊಂದರೆ, ಉಲ್ಲೇಖಪಟ್ಟಿ ಮುಟ್ಟಬೇಡಿ. ಆ ಹುಡುಗನ ಪಟ್ಟಿಯಲ್ಲಿ ಐದು ಲಿಂಕು ಹೀಗೇ ಬದುಕಿದವು. ಅವನು ಪರೀಕ್ಷೆ ಮಾಡಿದ್ದು ಹಾಸ್ಟೆಲಿನಲ್ಲಿ, ಸಿಗ್ನಲ್ ಸಿಗದ ಮೂಲೆಯಲ್ಲಿ ಕೂತು.

ಸಂಖ್ಯೆ ಕೆಡುವುದು ಡಿಟಿಪಿ ಮೇಜಿನ ಮೇಲೆ

ನನ್ನ ಅನುಭವದಲ್ಲಿ ಅತಿ ಹೆಚ್ಚು ಹಾನಿ ಆಗುವುದು ಇಲ್ಲೇ, ಅದಕ್ಕೇ ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಒಮ್ಮೆ ಅಂಗಡಿಯಲ್ಲಿ ಟೈಪ್ ಮಾಡುವ ಹುಡುಗಿಯ ಪಕ್ಕ ಸ್ಟೂಲ್ ಹಾಕಿಕೊಂಡು ಕೂತಿದ್ದೆ. ಮಾರ್ಗದರ್ಶಕರು ಪುಟಸಂಖ್ಯೆಗಳ ನಡುವೆ ಗಿಡ್ಡ ಗೆರೆ ಬೇಡ, ಉದ್ದ ಗೆರೆ ಇರಲಿ ಎಂದಿದ್ದರು. ಅವಳು “ಹುಡುಕಿ ಬದಲಿಸು” ತೆರೆದು ಹೈಫನ್ ಜಾಗಕ್ಕೆ ಉದ್ದ ಗೆರೆ ಕೊಟ್ಟು ಎಲ್ಲವನ್ನೂ ಬದಲಿಸುವ ಗುಂಡಿ ಒತ್ತಿದಳು. ಒಂದು ಕ್ಷಣದಲ್ಲಿ 45-52 ಇದ್ದದ್ದು 45–52 ಆಯಿತು, ಚಂದ ಕಂಡಿತು. ಅದೇ ಕ್ಷಣದಲ್ಲಿ ಹೈಫನ್ ಇದ್ದ ಡಿಒಐಗಳೆಲ್ಲ ಸತ್ತವು. ಕಣ್ಣಿಗೆ ಎರಡೂ ಗೆರೆಯೇ, ಕಂಪ್ಯೂಟರಿಗೆ ಬೇರೆ ಬೇರೆ ಅಕ್ಷರ. ನಿಮ್ಮ ಪಟ್ಟಿಯಲ್ಲಿ ಹೈಫನ್ ಇರುವ ಡಿಒಐಗಳು ಮಾತ್ರ ಕೈಕೊಡುತ್ತಿದ್ದು, ಉಳಿದವು ಸರಿ ಇದ್ದರೆ ಇದೇ ರೋಗ ಎಂದು ತಿಳಿಯಿರಿ. ಲಿಂಕಿನೊಳಗಿನ ಗೆರೆ ಅಳಿಸಿ ಕೀಲಿಮಣೆಯ ಹೈಫನ್ ಒತ್ತಿದರೆ ಸರಿಹೋಗುತ್ತದೆ.

ಎರಡನೆಯದು ಕನ್ನಡದಲ್ಲಿ ಬರೆಯುವ ನಮಗೇ ಮೀಸಲಾದ ತೊಂದರೆ. ನುಡಿ, ಬರಹ ಎಂಬ ಟೈಪಿಂಗ್ ತಂತ್ರಾಂಶಗಳ ಹಳೆಯ ಆಸ್ಕಿ ಫಾಂಟುಗಳಲ್ಲಿ ಟೈಪ್ ಮಾಡಿದ ಕಡತ ಒಳಗೊಳಗೆ ಇಂಗ್ಲಿಷ್ ಅಕ್ಷರಗಳ ಸಾಲೇ ಆಗಿರುತ್ತದೆ. ಫಾಂಟು ಅದಕ್ಕೆ ಕನ್ನಡದ ಬಟ್ಟೆ ತೊಡಿಸಿರುತ್ತದೆ, ಅಷ್ಟೇ. ಅದನ್ನು ಕನ್ನಡದ ಪ್ರತಿ ಅಕ್ಷರಕ್ಕೂ ತನ್ನದೇ ಸಂಕೇತವಿರುವ ಯುನಿಕೋಡ್‌ಗೆ ಪರಿವರ್ತಿಸುವಾಗ ಪರಿವರ್ತಕಕ್ಕೆ ಯಾವುದು ಕನ್ನಡದ ಬಟ್ಟೆ ತೊಟ್ಟ ಇಂಗ್ಲಿಷ್ ಅಕ್ಷರ, ಯಾವುದು ನಿಜವಾದ ಇಂಗ್ಲಿಷ್ ಲಿಂಕು ಎಂದು ತಿಳಿಯುವುದಿಲ್ಲ. ಕಡತವನ್ನು ಇಡಿಯಾಗಿ ಕೊಟ್ಟರೆ ಲಿಂಕುಗಳೂ ಅರ್ಥವಿಲ್ಲದ ಕನ್ನಡ ಅಕ್ಷರಗಳಾಗಿ ಹೊರಬರುತ್ತವೆ. ಬಾಗಲಕೋಟೆಯಿಂದ ಬಂದ ಒಬ್ಬರು ಪ್ರಾಧ್ಯಾಪಕಿ ಹೀಗೆ ಆರು ಪುಟದ ಉಲ್ಲೇಖಪಟ್ಟಿ ಕಳೆದುಕೊಂಡು ಕಣ್ಣೀರಿಟ್ಟಿದ್ದನ್ನು ನೋಡಿದ್ದೇನೆ. ಹಳೆಯ ಆಸ್ಕಿ ಕಡತ ಉಳಿದಿದ್ದರಿಂದ ಪಟ್ಟಿ ವಾಪಸ್ ಸಿಕ್ಕಿತು. ಪರಿವರ್ತನೆಗೆ ಮುಂಚೆ ಲಿಂಕುಗಳನ್ನೆಲ್ಲ ಬೇರೊಂದು ನೋಟ್‌ಪ್ಯಾಡ್ ಕಡತಕ್ಕೆ ಎತ್ತಿಡಿ, ಪ್ರತಿ ಜಾಗದಲ್ಲಿ ಒಂದು ಕ್ರಮಸಂಖ್ಯೆ ಬಿಡಿ, ಪರಿವರ್ತನೆ ಆದ ಮೇಲೆ ವಾಪಸ್ ಕೂರಿಸಿ. ಹಳೆಯ ಕಡತವನ್ನು ಮೌಖಿಕ ಪರೀಕ್ಷೆ ಮುಗಿಯುವವರೆಗೂ ಅಳಿಸಬೇಡಿ.

ಅಂಕಿಗಳ ಕಡೆಗೂ ಕಣ್ಣಿರಲಿ. ಕನ್ನಡ ಕೀಲಿಮಣೆ ಚಾಲೂ ಇದ್ದಾಗ ಟೈಪ್ ಮಾಡಿದರೆ 10.1000/182 ಎಂಬುದು ೧೦.೧೦೦೦/೧೮೨ ಆಗಬಹುದು. ಓದಲು ಅದೇ ಸಂಖ್ಯೆ, ತೆರೆಯಲು ಆಗದು. ಪ್ರಬಂಧದ ಪುಟಸಂಖ್ಯೆಗೆ, ಇಸವಿಗೆ ಕನ್ನಡ ಅಂಕಿ ಬಳಸುವುದು ಚಂದವೇ, ನಾನೂ ಬಳಸುತ್ತೇನೆ. ಡಿಒಐ ಒಳಗೆ ಮಾತ್ರ ಬೇಡ.

ಇನ್ನೊಂದು ತಪ್ಪು ನಮ್ಮ ವ್ಯಾಕರಣದಿಂದಲೇ ಬರುತ್ತದೆ. ನಾವು ವಿಭಕ್ತಿ ಪ್ರತ್ಯಯವನ್ನು ಪದಕ್ಕೆ ಅಂಟಿಸಿ ಬರೆಯುವವರು. ಸಾಲಿನ ನಡುವೆ ಲಿಂಕು ಬಂದಾಗಲೂ ರೂಢಿಯಂತೆ 10.1000/182ರಲ್ಲಿ ಎಂದು ಅಂಟಿಸಿಬಿಡುತ್ತೇವೆ. ತಂತ್ರಾಂಶ ಆ “ರಲ್ಲಿ”ಯನ್ನೂ ಲಿಂಕಿನ ಭಾಗವೆಂದೇ ನುಂಗುತ್ತದೆ. ಲಿಂಕಿನ ನಂತರ ಒಂದು ಖಾಲಿ ಜಾಗ ಬಿಡಿ, ಇಲ್ಲವೇ “10.1000/182 ಎಂಬ ಲೇಖನದಲ್ಲಿ” ಎಂದು ಸಾಲು ತಿರುಗಿಸಿ. ಕೊನೆಯ ಚುಕ್ಕೆಯದೂ ಇದೇ ಕಥೆ. ವಾಕ್ಯ ಮುಗಿಯಿತೆಂದು ಲಿಂಕಿನ ಬಾಲಕ್ಕೆ ಚುಕ್ಕೆ ಇಟ್ಟರೆ ಕೆಲವು ತಂತ್ರಾಂಶಗಳು ಬಿಡುತ್ತವೆ, ಕೆಲವು ಒಳಗೆ ಸೇರಿಸಿಕೊಳ್ಳುತ್ತವೆ. ಉಲ್ಲೇಖ ಬರೆಯುವ ಶೈಲಿಗಳಲ್ಲೊಂದಾದ ಎಪಿಎ ಅಲ್ಲಿ ಚುಕ್ಕೆ ಬೇಡವೆಂದೇ ಹೇಳುತ್ತದೆ. ಕನ್ನಡ ಪಠ್ಯದಿಂದ ನಕಲು ಮಾಡಿದಾಗ ಅರ್ಧಾಕ್ಷರ ಬಿಡಿಸಲು ಬಳಸುವ, ಕಣ್ಣಿಗೆ ಕಾಣದ ಅಕ್ಷರಗಳೂ ಲಿಂಕಿನ ಬೆನ್ನು ಹತ್ತಿ ಬರುತ್ತವೆ. ಎಲ್ಲ ಸರಿ ಕಂಡರೂ ತೆರೆಯದಿದ್ದರೆ ನಕಲು ಬಿಟ್ಟು ಕೈಯಾರೆ ಟೈಪ್ ಮಾಡಿ. ತೆರೆದರೆ ಕಾಣದ ಅಕ್ಷರವೇ ಕಾರಣ.

ಒತ್ತಿದರೆ ಬೇರೆ ಲೇಖನ ಬರುತ್ತದೆ

ವರ್ಡ್‌ನಲ್ಲಿ ಲಿಂಕಿಗೆ ಎರಡು ಪದರ. ಮೇಲೆ ಕಾಣುವ ಅಕ್ಷರಗಳು ಒಂದು, ಒಳಗೆ ಕೂತ ವಿಳಾಸ ಇನ್ನೊಂದು. ಹಳೆಯ ನಮೂದನ್ನು ನಕಲು ಮಾಡಿ ಮೇಲಿನ ಅಕ್ಷರ ಮಾತ್ರ ತಿದ್ದಿದರೆ ಒಳಗೆ ಹಳೆಯ ವಿಳಾಸವೇ ಉಳಿಯುತ್ತದೆ. ಲಿಂಕಿನ ಮೇಲೆ ಮೌಸ್ ತಂದು ನಿಲ್ಲಿಸಿದರೆ ಒಳಗಿನ ವಿಳಾಸ ಕಾಣುತ್ತದೆ. ಎರಡೂ ಬೇರೆಯಾಗಿದ್ದರೆ ಹೈಪರ್‌ಲಿಂಕ್ ತೆಗೆದು ಹೊಸದಾಗಿ ಹಾಕಿ.

ಎರಡೂ ಒಂದೇ ಇದ್ದು ಬೇರೆ ಲೇಖನ ಬಂದರೆ ವಿಷಯ ಗಂಭೀರ. ಅಂಥ ಉಲ್ಲೇಖ ಎಲ್ಲಿಂದ ಬಂತು ಎಂದು ನಿಮ್ಮನ್ನೇ ಕೇಳಿಕೊಳ್ಳಿ. ಈಚೆಗೆ ಕೃತಕ ಬುದ್ಧಿಮತ್ತೆಯ ಚಾಟ್‌ಬಾಟುಗಳಿಂದ ಉಲ್ಲೇಖ ಕೇಳಿ ಪಡೆಯುವವರಿದ್ದಾರೆ. ಅವು ಲೇಖಕರ ಹೆಸರು, ಪತ್ರಿಕೆ, ಸಂಪುಟ ಎಲ್ಲ ನಂಬುವಂತೆ ಜೋಡಿಸಿ, ಇಲ್ಲದ ಲೇಖನಕ್ಕೆ ಒಂದು ಡಿಒಐಯನ್ನೂ ಕಟ್ಟಿಕೊಡಬಲ್ಲವು. ಆ ಸಂಖ್ಯೆ ಒಮ್ಮೆ ಎಲ್ಲಿಗೂ ಹೋಗುವುದಿಲ್ಲ, ಒಮ್ಮೆ ಸಂಬಂಧವಿಲ್ಲದ ಲೇಖನಕ್ಕೆ ಹೋಗುತ್ತದೆ. ಇಲ್ಲಿ ಲಿಂಕ್ ದುರಸ್ತಿ ಮಾಡಲು ಹೋಗಬಾರದು. ಲೇಖನದ ಶೀರ್ಷಿಕೆಯನ್ನು ಕ್ರಾಸ್‌ರೆಫ್ ಹುಡುಕಾಟದಲ್ಲಿ ಹಾಕಿ, ಆ ಪತ್ರಿಕೆಯ ಅದೇ ಸಂಪುಟದ ಪರಿವಿಡಿಯನ್ನೂ ನೋಡಿ. ಎರಡೂ ಕಡೆ ಇಲ್ಲದಿದ್ದರೆ ಉಲ್ಲೇಖವನ್ನಷ್ಟೇ ಅಲ್ಲ, ಅದರ ಆಧಾರದಿಂದ ಬರೆದ ಸಾಲನ್ನೂ ತೆಗೆಯಬೇಕು. ಇದನ್ನು ನಾನು ಯಾರಿಗೂ ಮೆತ್ತಗೆ ಹೇಳುವುದಿಲ್ಲ. ಓದದ ಲೇಖನವನ್ನು ಓದಿದೆನೆಂದು ಬರೆಯುವುದು ಸುಳ್ಳು.

ಕೆಲವು ಪತ್ರಿಕೆಗಳು ನೋಂದಣಿ ಮಾಡಿಸದೆಯೇ ಡಿಒಐ ಹೋಲುವ ಸಂಖ್ಯೆಯನ್ನು ಲೇಖನದ ನೆತ್ತಿಯ ಮೇಲೆ ಅಚ್ಚು ಹಾಕುತ್ತವೆ. ಹೊಸ ಸಂಚಿಕೆಯಾದರೆ ಕೆಲವು ದಿನ ಕಾಯಿರಿ, ನೋಂದಣಿ ತಡವಾಗಿರಬಹುದು. ವರ್ಷಗಳ ಹಳೆಯ ಸಂಚಿಕೆಯದೂ ತೆರೆಯದಿದ್ದರೆ ಆ ಸಂಖ್ಯೆ ಬಿಟ್ಟು ಪತ್ರಿಕೆಯ ಹೆಸರು, ಸಂಪುಟ, ಸಂಚಿಕೆ, ಪುಟ ಕೊಡಿ. ಆ ಪತ್ರಿಕೆಗೆ ನಿಮ್ಮ ಲೇಖನ ಕಳಿಸುವ ಮುಂಚೆಯೂ ಇದು ನೆನಪಿರಲಿ.

ಶೋಧಗಂಗಾದ ಸಂಖ್ಯೆ ಡಿಒಐ ಅಲ್ಲ

2009ರ ಯುಜಿಸಿ ನಿಯಮಾವಳಿ ಮಹಾಪ್ರಬಂಧಗಳ ವಿದ್ಯುನ್ಮಾನ ಪ್ರತಿ ಕೊಡಬೇಕೆಂದ ಮೇಲೆ ಗಾಂಧಿನಗರದ ಇನ್‌ಫ್ಲಿಬ್‌ನೆಟ್ ಕೇಂದ್ರದ ಶೋಧಗಂಗಾ ಎಂಬ ಆನ್‌ಲೈನ್ ಪ್ರಬಂಧ ಭಂಡಾರ ನಮ್ಮ ಕಡೆಯ ಸಂಶೋಧಕರಿಗೆ ದೊಡ್ಡ ಆಸರೆಯಾಗಿದೆ. ಬೆಳಗಾವಿಯ ರಾಣಿ ಚನ್ನಮ್ಮ ವಿಶ್ವವಿದ್ಯಾಲಯದ ಪ್ರಬಂಧಗಳೂ ಅಲ್ಲಿ ಓದಲು ಸಿಗುತ್ತವೆ. ಅಲ್ಲಿನ ಪ್ರತಿ ಪ್ರಬಂಧಕ್ಕೆ 10603 ಎಂದು ಶುರುವಾಗಿ, ಸ್ಲ್ಯಾಷಿನ ಮುಂದೆ ಇನ್ನೊಂದು ಸಂಖ್ಯೆ ಇರುವ ಗುರುತು ಇದೆ. ಇದು ಹ್ಯಾಂಡಲ್, ಅಂದರೆ ಸ್ಥಿರವಾಗಿ ಉಳಿಯಲೆಂದು ಕೊಟ್ಟ ಇನ್ನೊಂದು ಬಗೆಯ ಗುರುತು. ಡಿಒಐ ಕೂಡ ಇದೇ ಹ್ಯಾಂಡಲ್ ವ್ಯವಸ್ಥೆಯ ಮೇಲೆ ನಿಂತಿರುವುದರಿಂದ ಎರಡೂ ಅಣ್ಣತಮ್ಮಂದಿರಂತೆ ಕಾಣುತ್ತವೆ. ಆದರೆ ಡಿಒಐಯಲ್ಲಿ 10ರ ನಂತರ ಚುಕ್ಕೆ ಬೇಕೇ ಬೇಕು, 10603ರಲ್ಲಿ ಚುಕ್ಕೆ ಇಲ್ಲ. ಹಲವರು “ಚುಕ್ಕೆ ಬಿಟ್ಟುಹೋಗಿದೆ” ಎಂದು ತಾವೇ ಸೇರಿಸಿ 10.603 ಮಾಡಿ ಕೆಡಿಸಿದ್ದನ್ನು ಕಂಡಿದ್ದೇನೆ. ಇದನ್ನು ಎಚ್‌ಡಿಎಲ್ ಡಾಟ್ ಹ್ಯಾಂಡಲ್ ಡಾಟ್ ನೆಟ್ ಎಂದು ಬರೆದು, ಸ್ಲ್ಯಾಷ್ ಹಾಕಿ, ಅದರ ನಂತರ ಬರೆಯಬೇಕು. ಹಾಗೆ ತೆರೆಯದ ದಿನ ಶೋಧಗಂಗಾದ ವಿಳಾಸದ ನಂತರ ಸ್ಲ್ಯಾಷ್, ಹ್ಯಾಂಡಲ್ ಎಂಬ ಪದ, ಮತ್ತೆ ಸ್ಲ್ಯಾಷ್, ಅದೇ ಸಂಖ್ಯೆ ಹಾಕಿ ನೋಡಿ.

ಅಲ್ಲಿಂದ ಉಲ್ಲೇಖಿಸುವಾಗ ಅಧ್ಯಾಯದ ಪಿಡಿಎಫ್ ಲಿಂಕನ್ನು ಹಾಕಬೇಡಿ, ಪ್ರಬಂಧದ ಮುಖ್ಯ ಪುಟದ ಹ್ಯಾಂಡಲ್ ಹಾಕಿ, ಪುಟಸಂಖ್ಯೆ ಬೇರೆ ಕೊಡಿ.

ಐಎಸ್‌ಎಸ್‌ಎನ್ ಎಂಟು ಅಂಕಿಯದು, ಇಡೀ ಪತ್ರಿಕೆಯ ಗುರುತು. ಆರ್ಕಿಡ್ ಹದಿನಾರು ಅಂಕಿಯದು, ಲೇಖಕರ ಗುರುತು. ಇವೆರಡನ್ನೂ ಡಿಒಐ ಜಾಗದಲ್ಲಿ ಕೂರಿಸಿದರೆ ಲೇಖನ ತೆರೆಯುವುದಿಲ್ಲ.

“ಕಾಲೇಜಿನ್ಯಾಗ ಹತ್ತತೈತಿ, ಮನ್ಯಾಗ ಹತ್ತೂದಿಲ್ಲ”

ಈ ದೂರು ಬಂದ ಕೂಡಲೇ ವಿಳಾಸದ ಪಟ್ಟಿಯಲ್ಲಿ ನಿಮ್ಮ ಕಾಲೇಜಿನ ಹೆಸರೋ ಪ್ರಾಕ್ಸಿ ಎಂಬ ಪದವೋ ಇದೆಯೇ ನೋಡಿ. ಕಾಲೇಜು ಚಂದಾ ಕಟ್ಟಿದ ದತ್ತಸಂಚಯವನ್ನು ಅದರ ಪ್ರಾಕ್ಸಿ (ನಡುವೆ ನಿಂತು ದಾರಿ ಮಾಡಿಕೊಡುವ ಸರ್ವರ್) ಮೂಲಕ ತೆರೆದಾಗ ಮೇಲಿನ ಪಟ್ಟಿಯಲ್ಲಿ ಕಾಣುವುದು ನಿಮಗಷ್ಟೇ ಮಾಡಿಕೊಟ್ಟ ದಾರಿ. ಅದನ್ನೇ ನಕಲು ಮಾಡಿ ಪಟ್ಟಿಗೆ ಹಾಕಿದರೆ ಪರೀಕ್ಷಕರ ಊರಲ್ಲಿ ತೆರೆಯುವುದಿಲ್ಲ. ಹುಡುಕಾಟದ ಫಲಿತಾಂಶದ ಪುಟದಿಂದ ಎತ್ತಿದ ಉದ್ದುದ್ದ ವಿಳಾಸಗಳೂ ಹೀಗೇ, ಆ ಹೊತ್ತು ಕಳೆದರೆ ಸತ್ತವು. ಪುಟದಲ್ಲೇ ಅಚ್ಚಾಗಿರುವ ಡಿಒಐ ಹುಡುಕಿ ನಕಲು ಮಾಡಿ. ಜೆಸ್ಟೋರ್ ಎಂಬ ಪತ್ರಿಕಾ ಭಂಡಾರದಲ್ಲಾದರೆ ಸ್ಟೇಬಲ್ ಎಂಬ ಪದ ಇರುವ ಚಿಕ್ಕ ವಿಳಾಸ ಇರುತ್ತದೆ, ಬಾದಾಮಿ ಚಾಲುಕ್ಯರ ಮೇಲೆ ಕೆಲಸ ಮಾಡುವವರಿಗೆ ಹಳೆಯ ಪತ್ರಿಕೆಗಳಿಗಾಗಿ ಅದೇ ಆಧಾರ. ಗೂಗಲ್ ಡ್ರೈವ್‌ನ ಲಿಂಕನ್ನಂತೂ ಪಟ್ಟಿಗೆ ತರಲೇಬೇಡಿ.

ನಿಜವಾಗಿ ಸತ್ತ ನಾಲ್ಕು

ಒಣದ್ರಾಕ್ಷಿಯ ಹುಡುಗನ ನಾಲ್ಕೂ ಸತ್ತ ಲಿಂಕುಗಳು ಸಾಮಾನ್ಯ ಜಾಲತಾಣದ ಪುಟಗಳು, ಡಿಒಐ ಇಲ್ಲದವು. ಅದರಲ್ಲಿ ಆಶ್ಚರ್ಯವಿಲ್ಲ. ನಮ್ಮ ಊರುಗಳ ಹೆಸರೇ ನೋಡಿ: 2014ರ ನವೆಂಬರ್ 1ರಂದು ಬಿಜಾಪುರ ವಿಜಯಪುರವಾಯಿತು, ಬೆಳಗಾಂ ಬೆಳಗಾವಿಯಾಯಿತು. ನಮ್ಮೂರಿನ ಮಹಿಳಾ ವಿಶ್ವವಿದ್ಯಾಲಯ 2017ರಲ್ಲಿ ಅಕ್ಕಮಹಾದೇವಿಯ ಹೆಸರು ಪಡೆಯಿತು. ಹೆಸರು ಹೊತ್ತ ವಿಳಾಸಗಳು ಇಂಥ ಬದಲಾವಣೆಯಲ್ಲಿ ಒಡೆಯುತ್ತವೆ. ಹಳೆಯ ಹೆಸರಿನಿಂದ ಹುಡುಕಿದರೆ ಈಗ ಛತ್ತೀಸಗಡದ ಬಿಜಾಪುರ ಜಿಲ್ಲೆಯ ಪುಟಗಳೂ ಬರುತ್ತವೆ, ಅಂಕಿಅಂಶ ಎತ್ತುವವರು ರಾಜ್ಯ ಯಾವುದೆಂದು ನೋಡಿಕೊಳ್ಳಬೇಕು. ಡಿಒಐಯ ಅಂಕಿಗಳಲ್ಲಿ ಊರಿನ ಹೆಸರಿಲ್ಲ, ಹಾಗಾಗಿ ಊರು ಹೆಸರು ಬದಲಿಸಿದರೂ ಅದಕ್ಕೆ ಪೆಟ್ಟಾಗುವುದಿಲ್ಲ.

ಸತ್ತ ಪುಟಕ್ಕೆ ಇಂಟರ್‌ನೆಟ್ ಆರ್ಕೈವ್‌ನ ವೇಬ್ಯಾಕ್ ಮಷೀನ್‌ನಲ್ಲಿ ಹಳೆಯ ವಿಳಾಸ ಹಾಕಿ. ಆ ಪುಟದ ನಕಲುಗಳನ್ನು ದಿನಾಂಕವಾರು ತೋರಿಸುತ್ತದೆ. ನೀವು ಓದಿದ ದಿನಕ್ಕೆ ಹತ್ತಿರದ ನಕಲು ತೆರೆದು, ಪ್ರಬಂಧದಲ್ಲಿ ಎತ್ತಿದ ಅಂಕಿ ಅದರಲ್ಲಿದೆಯೇ ಎಂದು ಓದಿ ನೋಡಿದ ಮೇಲೆಯೇ ಅದರ ವಿಳಾಸ ಪಟ್ಟಿಗೆ ಹಾಕಿ. ನಾಲ್ಕರಲ್ಲಿ ಮೂರು ನಮಗೆ ಹೀಗೆ ಸಿಕ್ಕವು. ನಾಲ್ಕನೆಯದರಲ್ಲಿ ಪುಟ ಇತ್ತು, ಅಂಕಿ ಬೇರೆ ಇತ್ತು. ಆ ಹುಡುಗ ಆ ಅಂಕಿಯನ್ನೇ ಪ್ರಬಂಧದಿಂದ ತೆಗೆದ. ನನಗೆ ಅವನ ಮೇಲೆ ಗೌರವ ಹೆಚ್ಚಾದದ್ದು ಆಗ.

ಈಗ ಓದುತ್ತಿರುವ ಪುಟ ನಾಳೆ ಇರಲಿಕ್ಕಿಲ್ಲ ಎನಿಸಿದರೆ ಅದೇ ಜಾಲತಾಣದಲ್ಲಿ ಪುಟವನ್ನು ಉಳಿಸುವ ಸೌಲಭ್ಯವಿದೆ. ಓದಿದ ದಿನವೇ ಉಳಿಸಿ, ದಿನಾಂಕ ಬರೆದಿಡಿ. ಪದೇ ಪದೇ ಬದಲಾಗುವ ಪುಟವಾದರೆ ನೋಡಿದ ದಿನಾಂಕವನ್ನು ಪಟ್ಟಿಯಲ್ಲಿ ಕೊಡಬೇಕು. ಡಿಒಐ ಇದ್ದ ಲೇಖನಕ್ಕೆ ಆ ದಿನಾಂಕದ ಅಗತ್ಯವಿಲ್ಲ.

ಕನ್ನಡ ವಿಕಿಪೀಡಿಯದ ವಿಳಾಸ ನಕಲು ಮಾಡಿದಾಗ ಶೇಕಡಾ ಚಿಹ್ನೆಗಳ ಮಾಲೆ ಬರುತ್ತದೆ. ಹೆದರಬೇಡಿ, ಅದು ದೋಷವಲ್ಲ. ನಮ್ಮ ಲಿಪಿಯ ಒಂದೊಂದು ಅಕ್ಷರಕ್ಕೂ ಒಂದೊಂದು ಸ್ವರಚಿಹ್ನೆಗೂ ಒಂಬತ್ತು ಗುರುತು ಬೇಕು. ಬಾಗಲಕೋಟೆ ಎಂಬ ಪದಕ್ಕೇ 72 ಆಗುತ್ತದೆ. ಅದರಲ್ಲಿ ಒಂದು ಗುರುತು ಸಾಲು ಮುರಿದಾಗ ಕಳೆದರೂ ಲಿಂಕು ಹೋಯಿತು. ಪುಟದ ಪರಿಕರಗಳಲ್ಲಿ ಆ ದಿನದ ಆವೃತ್ತಿಗೇ ಹೋಗುವ ಸ್ಥಿರ ಕೊಂಡಿ ಸಿಗುತ್ತದೆ, ಅದನ್ನು ಬಳಸಿ.

ಗುರುತೇ ಇಲ್ಲದ ಆಕರ

ಕನ್ನಡ ಸಂಶೋಧನೆಯ ಬಹುಪಾಲು ಆಕರಗಳಿಗೆ ಡಿಒಐ ಇಲ್ಲ. ಫ. ಗು. ಹಳಕಟ್ಟಿಯವರು 1926ರಲ್ಲಿ ಇಲ್ಲಿಂದ ಶುರುಮಾಡಿದ ಶಿವಾನುಭವ ಪತ್ರಿಕೆಯ ಹಳೆಯ ಸಂಚಿಕೆ ಉಲ್ಲೇಖಿಸುವಾಗ ಡಿಒಐ ಜಾಗ ಖಾಲಿ ಬಿಟ್ಟರೆ ಅದು ಕೊರತೆಯಲ್ಲ. ಸಂಪುಟ, ಸಂಚಿಕೆ, ಇಸವಿ, ಪುಟ, ಮತ್ತು ನೀವು ಪ್ರತಿ ನೋಡಿದ ಗ್ರಂಥಾಲಯದ ಹೆಸರು ಸರಿಯಾಗಿದ್ದರೆ ಓದುಗ ಬಸ್ಸು ಹತ್ತಿಯಾದರೂ ಅಲ್ಲಿಗೆ ಮುಟ್ಟುತ್ತಾನೆ. ಸ್ಕ್ಯಾನ್ ಪ್ರತಿ ಓದಿದ್ದರೆ ಇಂಟರ್‌ನೆಟ್ ಆರ್ಕೈವ್‌ನ ಪುಸ್ತಕದ ಪುಟದಲ್ಲಿ ಆರ್ಕ್ ಎಂಬ ಸ್ಥಿರ ಗುರುತು ಇರುತ್ತದೆ, ಅದನ್ನು ಸೇರಿಸಿ. ಯಾರೋ ಟೆಲಿಗ್ರಾಂನಲ್ಲಿ ಕಳಿಸಿದ ಪಿಡಿಎಫ್‌ಗೆ ಲಿಂಕು ಹುಡುಕುತ್ತ ಕೂರಬೇಡಿ, ಮೂಲ ಮುದ್ರಣದ ವಿವರ ಕೊಡಿ.

ಬೈಂಡಿಂಗಿನ ಹಿಂದಿನ ದಿನ

ಹಳೆಯ ಪಟ್ಟಿಗಳಲ್ಲಿ ಡಿಒಐ ಡಾಟ್ ಆರ್ಗ್‌ಗಿಂತ ಮೊದಲು ಡಿಎಕ್ಸ್ ಡಾಟ್ ಎಂದು ಇರುತ್ತದೆ. ಅದೂ ತೆರೆಯುತ್ತದೆ, ಆದರೆ ಡಿಎಕ್ಸ್ ಬಿಟ್ಟು ಎಚ್‌ಟಿಟಿಪಿಎಸ್ ಸಹಿತ ಬರೆಯಲು ಕ್ರಾಸ್‌ರೆಫ್ 2017ರಿಂದ ಹೇಳುತ್ತಿದೆ. 2019ರ ಎಪಿಎ ಏಳನೆಯ ಆವೃತ್ತಿಯೂ ಅದೇ ರೂಪ ಹಿಡಿದಿದೆ. ಎಲ್ಲ ನಮೂದುಗಳಲ್ಲಿ ಒಂದೇ ರೂಪ ಇರಲಿ, ನಿಮ್ಮ ವಿಶ್ವವಿದ್ಯಾಲಯ ಬೇರೆ ಶೈಲಿ ಕೇಳಿದ್ದರೆ ಅದನ್ನೇ ಪಾಲಿಸಿ. ಡಿಒಐಯಲ್ಲಿ ದೊಡ್ಡಕ್ಷರ ಸಣ್ಣಕ್ಷರದ ಭೇದವಿಲ್ಲ, ಯೂಟ್ಯೂಬ್‌ನಂಥ ಲಿಂಕುಗಳಲ್ಲಿ ಇದೆ. ಕೋನಾವರಣ, ಅರ್ಧವಿರಾಮಗಳು ತುಂಬಿದ ಹಳೆಯ ಉದ್ದನೆಯ ಡಿಒಐಗಳು ಸಾಲು ಮುರಿದು ಕಾಡುತ್ತಿದ್ದರೆ ಡಿಒಐ ಪ್ರತಿಷ್ಠಾನವೇ ನಡೆಸುವ ಶಾರ್ಟ್‌ಡಿಒಐ ಸೇವೆಯಿಂದ ಚಿಕ್ಕ ರೂಪ ಪಡೆಯಬಹುದು.

ಕೊನೆಯ ಪರೀಕ್ಷೆಯನ್ನು ವರ್ಡ್ ಕಡತದಲ್ಲಿ ಮಾಡಬೇಡಿ. ಪಿಡಿಎಫ್ ಮಾಡಿ, ನಿಮ್ಮದಲ್ಲದ ಫೋನಿಗೆ ಕಳಿಸಿ, ಕಾಲೇಜಿನ ವೈಫೈ ಬಂದ್ ಇಟ್ಟು ಒಂದೊಂದನ್ನೂ ಒತ್ತಿ. ಎರಡು ಸಾಲಿಗೆ ಹರಿದ ಲಿಂಕುಗಳಲ್ಲಿ ಮೊದಲ ಸಾಲು ಮಾತ್ರ ಲಿಂಕಾಗಿರುವುದು ಅಲ್ಲೇ ಸಿಕ್ಕಿಬೀಳುತ್ತದೆ. ಆ ಹುಡುಗನ ಪಟ್ಟಿಯನ್ನು ಅವನ ತಂಗಿಯ ಫೋನಿನಲ್ಲಿ ಒತ್ತಿ ನೋಡಿದೆವು. ಇನ್ನೂ ಎರಡು ಸಿಕ್ಕವು, ತಿದ್ದಿದೆವು, ಬೆಳಿಗ್ಗೆ ಹತ್ತಕ್ಕೆ ಅವನು ಬೈಂಡಿಂಗಿಗೆ ಕೊಟ್ಟು ಬಂದ.